ಲಾಂಛನ ಹೊತ್ತು ಬಹರೈನಿಗೆ

ಮುಹರ್ರಕ್

ವಿಮಾನ ಇಳಿಯುವಾಗ ಕಿಟಕಿಯ ಪಕ್ಕ ಕೂತವರು ಹೊರಗೆ ನೋಡುತ್ತಾರೆ. ನಾನು ನನ್ನ ಮೊಣಕಾಲು ನೋಡುತ್ತಾ ಕೂತಿದ್ದೆ. ಪಕ್ಕದ ಸೀಟಿನಲ್ಲಿದ್ದ ಉಳ್ಳಾಲದ ಹೆಂಗಸು ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಹೇಳಿದ್ದರು: "ಏರ್‌ಪೋರ್ಟ್ ಇರುದು ಮುಹರ್ರಕ್ ದ್ವೀಪದಲ್ಲಿ ಅಲ್ವಾ, ನೆಲ ಮುಟ್ಟುವವರೆಗೂ ಕೆಳಗೆ ನೀರೇ ಕಾಣುದು. ಹೆದರ್ಬೇಡಿ." ಅವರು ಹೇಳದೇ ಇದ್ದಿದ್ದರೆ ಬಹುಶಃ ನಾನು ಅಷ್ಟು ಹೆದರುತ್ತಿರಲಿಲ್ಲ.

ಕರಾವಳಿಯ ಒಂದು ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ. ಮೈದಾನದ ಅಂಚಿನಲ್ಲಿ ನಿಂತು "ಹೆದರ್ಬೇಡಿ, ಹೊಡೀರಿ" ಎಂದು ಹುಡುಗಿಯರಿಗೆ ಕೂಗುವುದೇ ನನ್ನ ಉದ್ಯೋಗ. ಆದರೆ ಹುಟ್ಟಿನಿಂದ ನಾನೇ ಪುಕ್ಕಲು. ಎತ್ತರ, ಕತ್ತಲು, ಲಿಫ್ಟು, ಪೊಲೀಸು, ಇಂಗ್ಲಿಷಿನ ಕಾಗದಪತ್ರ ಎಲ್ಲದಕ್ಕೂ ಹೆದರುವವಳು. ಅಂಥವಳು ಮೊದಲ ಸಲ ದೇಶ ಬಿಟ್ಟು ಹೊರಟಿದ್ದಕ್ಕೆ ಕಾರಣ, ನಮ್ಮ ಪ್ರಾಂಶುಪಾಲರ ಮಂಡಿ.

ನಮ್ಮ ಕಾಲೇಜಿನ ಲಾಂಛನ ಒಂದು ದೀಪಸ್ತಂಭ, ಅದರ ಕೆಳಗೆ ದೋಣಿಯ ಎರಡು ಹುಟ್ಟುಗಳು. ನಮ್ಮ ಹುಡುಗಿಯರ ವಾಲಿಬಾಲ್ ತಂಡ ಆ ಲಾಂಛನಕ್ಕೆ ಸಾಕಷ್ಟು ಹೆಸರು ತಂದಿದೆ. ಹೆಸರೇನೋ ಇದೆ, ಜೆರ್ಸಿ ಇಲ್ಲ. ಕಳೆದ ವರ್ಷ ವಿಶ್ವವಿದ್ಯಾಲಯದ ಪಂದ್ಯದಲ್ಲಿ ನಮ್ಮವರ ಬೆನ್ನಿನ ನಂಬರು ಕಿತ್ತುಬಂದು, ರೆಫರಿ ಆಟ ನಿಲ್ಲಿಸಿ, ನಾನು ಬಿಳಿ ಟೇಪು ಅಂಟಿಸಿ ಕಳಿಸಿದ್ದೆ. ಆ ವಿಷಯ ಬಹರೈನಿನಲ್ಲಿ ಬಟ್ಟೆ ವ್ಯಾಪಾರ ಮಾಡುವ ಹಳೆ ವಿದ್ಯಾರ್ಥಿ ಹಮೀದ್, ನಮಗೆಲ್ಲ ಹಮೀದಾಕ, ಅವರ ಕಿವಿಗೆ ಬಿತ್ತು. ಎಲ್ಲ ತಂಡಗಳಿಗೂ ವರ್ಷವರ್ಷವೂ ಜೆರ್ಸಿ, ಶೂ ಎಲ್ಲ ಉಚಿತವಾಗಿ ಕೊಡುತ್ತೇನೆ, ಬದಲಿಗೆ ಲಾಂಛನ ಹಾಕಿದ ಬಟ್ಟೆ ಮಾರುವ ಹಕ್ಕು ಕೊಡಿ ಎಂದರು. ಒಪ್ಪಂದಕ್ಕೆ ಪ್ರಾಂಶುಪಾಲರೇ ಹೋಗಬೇಕಿತ್ತು. ಮಂಡಿಯ ಆಪರೇಷನ್ ಆಯಿತು.

"ಬಟ್ಟೆ ನೋಡ್ಲಿಕ್ಕೆ ನೀವೇ ಸರಿ ಗ್ರೇಸಿ," ಎಂದರು. "ನೋಡಿ, ಸಹಿ ಹಾಕಿ, ಬನ್ನಿ."

ನನ್ನದು ಸರ್ಕಾರಿ ಹುದ್ದೆಯಲ್ಲ, ಆಡಳಿತ ಮಂಡಳಿ ಕೊಟ್ಟದ್ದು. ಪ್ರತಿ ಜೂನ್‌ನಲ್ಲಿ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಹೊರಟದ್ದು ಮೇ ತಿಂಗಳ ಕೊನೆಗೆ. ಹಾಗಾಗಿ "ಆಗುವುದಿಲ್ಲ ಸರ್" ಎಂಬ ಮಾತು ಬಾಯಿಗೆ ಬರಲೇ ಇಲ್ಲ.

ಅಳತೆಗೆಂದು ನಮ್ಮ ಹಳೆಯ ಜೆರ್ಸಿಗಳನ್ನು ಚೀಲದಲ್ಲಿ ತುಂಬಿಕೊಂಡಿದ್ದೆ. ಕಸ್ಟಮ್ಸಿನ ಮೇಜಿನ ಹಿಂದಿದ್ದ ಹುಡುಗಿ, ಕಪ್ಪು ಶಿರವಸ್ತ್ರ, ತುಂಬ ಚೆಂದದ ಹುಬ್ಬು, ಒಂದೊಂದನ್ನೇ ಎತ್ತಿ ನೋಡಿದಳು. "ಟೀಮ್?" ಎಂದಳು. "ಯೆಸ್, ಟೀಮ್," ಎಂದೆ. "ವೇರ್ ಈಸ್ ಟೀಮ್?" ಎಂದು ನನ್ನ ಹಿಂದೆ ಇಣುಕಿದಳು. ಹಿಂದೆ ಯಾರೂ ಇರಲಿಲ್ಲ. ನನ್ನ ಇಂಗ್ಲಿಷು ಅಲ್ಲಿಗೆ ನಿಂತಿತು. ಬೇರೆ ದಾರಿ ಕಾಣದೆ, ಚೀಲ ನೆಲಕ್ಕಿಟ್ಟು, ಮಂಡಿ ಬಗ್ಗಿಸಿ, ಎರಡೂ ಕೈ ಜೋಡಿಸಿ, ಇಲ್ಲದ ಚೆಂಡನ್ನು ಎತ್ತಿ ತೋರಿಸಿದೆ. ಹಿಂದಿನ ಸಾಲಿನವರು ಎರಡು ಹೆಜ್ಜೆ ಹಿಂದೆ ಸರಿದರು. ಹುಡುಗಿ ಗಂಭೀರವಾಗಿ ನೋಡಿ, "ವಾಲಿಬಾಲ್!" ಎಂದು ನಕ್ಕು, ಜೆರ್ಸಿಗಳನ್ನು ನನಗಿಂತ ನೀಟಾಗಿ ಮಡಚಿ ಒಳಗಿಟ್ಟಳು.

ಹಮದ್ ಟೌನ್

ನಾನು ಉಳಿದುಕೊಂಡದ್ದು ಶಾಹಿದಾಳ ಮನೆಯಲ್ಲಿ. ಒಂದು ಕಾಲಕ್ಕೆ ನಮ್ಮ ತಂಡದ ನಾಯಕಿ, ಈಗ ಇಲ್ಲಿ ಒಂದು ಆಫೀಸಿನಲ್ಲಿ ಕೆಲಸ. ಗಂಡ ಅನ್ವರ್ ಕಂಪೆನಿಯೊಂದರ ಗಾಡಿ ಓಡಿಸುತ್ತಾನೆ. ಮನೆಯಲ್ಲಿ ಬ್ಯಾರಿ ಭಾಷೆ, ನನ್ನೊಡನೆ ಕನ್ನಡ, ಮಗಳೊಡನೆ ಇಂಗ್ಲಿಷು. ಮಗಳು ನನ್ನನ್ನು ನೋಡಿ ತಾಯಿಯ ಕಿವಿಯಲ್ಲಿ ಏನೋ ಕೇಳಿದಳು. "ಆಂಟಿಗೆ ಜ್ವರವಾ, ಯಾಕೆ ನಡುಗ್ತಾರೆ ಅಂತ ಕೇಳ್ತಾಳೆ ಮೇಡಂ," ಎಂದು ಶಾಹಿದಾ ನಕ್ಕಳು. ಎ.ಸಿ. ಎಂದೆ.

ಹಮದ್ ಟೌನಿನಲ್ಲಿ ಸರ್ಕಲ್ಲುಗಳಿಗೆ ಹೆಸರಿಲ್ಲ, ನಂಬರು. ನಮ್ಮ ಊರಿನಲ್ಲಾದರೆ ಅಶ್ವತ್ಥಕಟ್ಟೆ, ಹಳೆ ಟಾಕೀಸು, ನಮ್ಮ ಕ್ರಿಶ್ಚಿಯನ್ ಪೊರ್ಬುಗಳ ಬೇಕರಿ ಎಂದು ಗುರುತು ಹೇಳಬಹುದು. ಇಲ್ಲಿ ಎಲ್ಲ ಮನೆಗಳೂ ಮಣ್ಣಿನ ಬಣ್ಣದವು, ಎಲ್ಲದಕ್ಕೂ ಎತ್ತರದ ಗೋಡೆ, ಎಲ್ಲ ಗೋಡೆಗೂ ಕಬ್ಬಿಣದ ಗೇಟು. ಯಾರೂ ನಡೆಯುವುದಿಲ್ಲ. ಕಾರುಗಳು ಬರುತ್ತವೆ, ಗೇಟು ನುಂಗುತ್ತದೆ, ಮತ್ತೆ ಬೀದಿ ಖಾಲಿ.

ಎರಡನೆಯ ದಿನ ಸಂಜೆ ಕಾಲಾಡಿಸಲು ಹೊರಟೆ. ಎರಡು ತಿರುವು ದಾಟಿ ಹಿಂದೆ ತಿರುಗಿದಾಗ ಬಂದ ಬೀದಿ ಯಾವುದೆಂದೇ ತಿಳಿಯಲಿಲ್ಲ. ಫೋನಿನಲ್ಲಿ ಇಲ್ಲಿನ ಸಿಮ್ಮು ಇರಲಿಲ್ಲ, ಶಾಹಿದಾಳ ಮನೆಯ ವೈಫೈ ಒಂದೇ ಆಧಾರ. ಅದೇ ಗೋಡೆ, ಅದೇ ಗೇಟು. ಒಂದು ಕಾರು ನಿಧಾನಮಾಡಿ ನನ್ನನ್ನು ನೋಡಿ ಹೋಯಿತು. ಅದೇ ಕಾರು ಮತ್ತೆ ಬಂತು ಅನಿಸಿ ನಾನು ಓಡುವ ಹಾಗೆ ನಡೆದೆ.

ಒಂದು ಗೇಟಿನ ಬಳಿ ಮುದುಕಿಯೊಬ್ಬರು ಬೆಕ್ಕಿಗೆ ಅನ್ನ ಹಾಕುತ್ತಿದ್ದರು. ನನ್ನ ಮುಖ ನೋಡಿದವರೇ ಕೈ ಹಿಡಿದು ಒಳಗೆ ಕೂರಿಸಿದರು. ಪುಟ್ಟ ಬಟ್ಟಲಿನಲ್ಲಿ ಏಲಕ್ಕಿಯ ಕಾಫಿ ಕೊಟ್ಟರು. ಕುಡಿದೆ. ಮತ್ತೆ ಹಾಕಿದರು. ಕೊಟ್ಟದ್ದನ್ನು ಬಿಡಬಾರದು ಎಂಬುದು ನಮ್ಮ ಮನೆಯ ಪಾಠ, ಮತ್ತೆ ಕುಡಿದೆ. ಮತ್ತೆ ಹಾಕಿದರು. ಹೀಗೇ ಎಷ್ಟು ಬಟ್ಟಲು ಇಳಿದವೋ, ಭಯಕ್ಕೂ ಕಾಫಿಗೂ ಸೇರಿ ಎದೆ ಡೋಲಿನ ಹಾಗೆ ಬಡಿಯುತ್ತಿತ್ತು. ಅಷ್ಟರಲ್ಲಿ ಅವರ ಮೊಮ್ಮಗ ಬಂದು, ನಾನು ಹೇಳಿದ ಶಾಹಿದಾಳ ನಂಬರಿಗೆ ಫೋನು ಮಾಡಿದ. ಅವಳ ಮನೆ ಹಿಂದಿನ ಬೀದಿಯಲ್ಲೇ ಇತ್ತು.

"ಬಟ್ಟಲು ಹೀಗೆ ಅಲ್ಲಾಡಿಸ್ಬೇಕು ಮೇಡಂ, ಆಗ ಸಾಕು ಅಂತ ಅರ್ಥ," ಎಂದು ಶಾಹಿದಾ ಕೈ ತಿರುಗಿಸಿ ತೋರಿಸಿದಳು. "ನೀವು ಬೇಡ ಅನ್ನದಿದ್ರೆ ಅವ್ರು ಹಾಕ್ತಾನೇ ಇರ್ತಾರೆ."

ಮನಾಮಾ

ಹಮೀದಾಕನ ಆಫೀಸು ಮನಾಮಾದ ಒಂದು ಕಟ್ಟಡದ ಎತ್ತರದ ಮಹಡಿಯಲ್ಲಿ. ಗೋಡೆಯೆಲ್ಲ ಗಾಜು. ನಾನು ಗಾಜಿಗೆ ಬೆನ್ನು ಹಾಕಿ ಕೂತೆ. ಬಿಳಿ ಗಡ್ಡ, ಇಸ್ತ್ರಿ ಅಂಗಿ. ಒಂದು ಕಾಲದಲ್ಲಿ ನಮ್ಮ ಕಾಲೇಜಿನ ಫುಟ್‌ಬಾಲ್ ಗೋಲ್‌ಕೀಪರ್. ಈಗಲೂ ಮಾತಾಡುವಾಗ ಎರಡೂ ಅಂಗೈ ಮುಂದಕ್ಕೆ ಚಾಚುತ್ತಾರೆ.

"ಎಂತ ಮೇಡಂ, ಊಟ ಸರಿ ಆಗ್ತದಾ? ನಿಮ್ಗೆ ಮೀನು ಸಿಗ್ತದೆ ಇಲ್ಲಿ, ನಮ್ಮ ಊರಿನದ್ದಕ್ಕಿಂತ ಸ್ವಲ್ಪ ಸಪ್ಪೆ, ಅಷ್ಟೇ," ಎಂದರು. ಆಮೇಲೆ ಪಕ್ಕದ ತರುಣನನ್ನು ತೋರಿಸಿದರು. "ಇವ ನಿಖಿಲ್, ಬೆಂಗ್ಳೂರಿನವ. ಬ್ರಾಂಡಿನ ಕೆಲ್ಸ ಎಲ್ಲ ಇವನೇ ನೋಡುದು."

ನಿಖಿಲ್ ಗೋಡೆಯ ಮೇಲೆ ಚಿತ್ರ ಮೂಡಿಸಿದ. ನಮ್ಮ ದೀಪಸ್ತಂಭ ಟೀ ಶರ್ಟಿನ ಮೇಲೆ, ಟೋಪಿಯ ಮೇಲೆ, ನೀರಿನ ಬಾಟಲಿಯ ಮೇಲೆ, ಮಗುವಿನ ಲಂಗೋಟಿಯ ಮೇಲೂ.

"ಮೇಡಂ, ಯು.ಎಸ್.ನಲ್ಲಿ ಕಾಲೇಜ್ ಟೀಮು ಯಾವ ಕಂಪನಿ ಬಟ್ಟೆ ಹಾಕ್ಬೇಕು ಅನ್ನೋದಕ್ಕೇ ದೊಡ್ಡ ದೊಡ್ಡ ಡೀಲ್ ಆಗುತ್ತೆ. ಕಾಲೇಜಿನ ಹೆಸರು ಅಂದ್ರೆ ಆಸ್ತಿ ಅಲ್ಲಿ. ನೀವು ಆ ಆಸ್ತೀನ ಬೀರುಗೆ ಹಾಕಿ ಬೀಗ ಜಡಿದಿದ್ದೀರ. ಗಲ್ಫಲ್ಲಿ ನಿಮ್ಮ ಹಳೆ ಸ್ಟೂಡೆಂಟ್ಸ್ ಎಷ್ಟು ಜನ ಇದಾರೆ ಗೊತ್ತಾ? ಒಬ್ಬೊಬ್ರಿಗೂ ಆ ಲೋಗೋ ಅಂದ್ರೆ ಸೆಂಟಿಮೆಂಟು."

"ಅಲ್ಲಿ ಆಡುವ ಮಕ್ಕಳಿಗೆ ಎಂತ ಸಿಗ್ತದೆ?" ಎಂದು ಕೇಳಿದೆ.

"ಅದು ಬೇರೆ ಟಾಪಿಕ್ ಮೇಡಂ," ಎಂದ.

ಬಟ್ಟೆ ಚೆನ್ನಾಗಿತ್ತು. ಬೆರಳಿನ ನಡುವೆ ಉಜ್ಜಿದೆ, ಎಳೆದೆ, ಹೊಲಿಗೆ ತಿರುಗಿಸಿ ನೋಡಿದೆ. ನಮ್ಮ ಹುಡುಗಿಯರ ಮೈಮೇಲೆ ಅದನ್ನು ಕಲ್ಪಿಸಿಕೊಂಡಾಗ ಆಸೆಯಾಯಿತು. ಸಹಿಗೆ ಪೆನ್ನು ಕೊಟ್ಟರು. ಇಂಗ್ಲಿಷ್ ಕಾಗದದ ಮೇಲಿನ ಭಯದಿಂದಲೇ ನಾನು ಒಂದೊಂದು ಸಾಲನ್ನೂ ಬೆರಳಿಟ್ಟು ಓದುವವಳು. ಕೊನೆಯ ಪುಟದಲ್ಲಿ ಬೆರಳು ನಿಂತಿತು. ಕಾಲೇಜಿಗೆ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಯೂ, ಆಡಲಿ ಆಡದಿರಲಿ, ಪ್ರತಿ ವರ್ಷ ಇವರ ಕ್ರೀಡಾ ಉಡುಪು ಕೊಳ್ಳಲೇಬೇಕು. ತಂಡಗಳಿಗೆ ಉಚಿತ ಕೊಡುವುದು ಅದರಿಂದಲೇ.

ನನಗೆ ಪವಿತ್ರಾ ನೆನಪಾದಳು. ನಮ್ಮ ತಂಡದ ಸೆಟ್ಟರ್, ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು. ತಾಯಿ ಮೀನಿನ ಕಾರ್ಖಾನೆಯಲ್ಲಿ ಸಿಗಡಿ ಸುಲಿಯುತ್ತಾರೆ. ಹಿಂದಿನ ವರ್ಷ ಎಲ್ಲರೂ ಬ್ಲೇಜರ್ ಹಾಕಬೇಕು ಎಂದಾಗ ಹುಡುಗಿ ಕಾಲೇಜಿಗೇ ಬರುವುದನ್ನು ಬಿಟ್ಟಿದ್ದಳು. ನಾನೇ ಹೋಗಿ ಕರೆತಂದಿದ್ದೆ.

"ಈ ಷರತ್ತು..." ಎಂದೆ.

"ಪ್ರಿನ್ಸಿಪಾಲರು ಒಪ್ಪಿ ಆಗಿದೆ ಮೇಡಂ," ಎಂದರು ಹಮೀದಾಕ. "ನೀವು ಸುಮ್ಮನೆ ತಲೆಬಿಸಿ ಮಾಡ್ಬೇಡಿ."

ನನಗೆ ತಲೆಸುತ್ತು, ನಾಳೆ ನೋಡುವಾ ಎಂದೆ. ಸುಳ್ಳೇನೂ ಅಲ್ಲ. ಲಿಫ್ಟಿನಲ್ಲಿ ಇಳಿಯುವಾಗ ಜೂನ್ ತಿಂಗಳು ಎದುರು ಬಂದು ನಿಂತ ಹಾಗಾಯಿತು.

ಮೀನಾ ಸಲ್ಮಾನ್

ಮರುದಿನ ಶುಕ್ರವಾರ. ನಿಖಿಲ್ ಕಾರು ತಂದ. "ಗೋಡೌನಿಗೆ ಬನ್ನಿ ಮೇಡಂ, ಕ್ವಾಲಿಟಿ ನೋಡಿದ್ರೆ ನಿಮ್ಮ ಮೈಂಡ್ ಚೇಂಜ್ ಆಗುತ್ತೆ."

ಮೀನಾ ಸಲ್ಮಾನ್ ಹಳೆಯ ಬಂದರು. ಉಗ್ರಾಣಗಳು, ವರ್ಕ್‌ಶಾಪುಗಳು, ಕೆಲಸಗಾರರು ಉಳಿಯುವ ಉದ್ದದ ಕಟ್ಟಡಗಳು, ಕಿಟಕಿಗಳಲ್ಲಿ ಒಣಹಾಕಿದ ಲುಂಗಿಗಳು. ಒಂದು ಲುಂಗಿಯ ಚೌಕುಳಿ ನಮ್ಮ ಕಡೆಯದೇ ಅನಿಸಿತು. ರಜೆಯ ದಿನವಾದ್ದರಿಂದ ಎಲ್ಲ ನಿಶ್ಶಬ್ದ. ನಿಖಿಲ್ ನೆರಳು ಹುಡುಕಿ ಕಾರನ್ನು ಕಟ್ಟಡದ ಹಿಂದೆ ನಿಲ್ಲಿಸಿದ, ಫೋನು ಚಾರ್ಜಿಗೆಂದು ಅದರಲ್ಲೇ ಬಿಟ್ಟ. ಉಗ್ರಾಣ ನೋಡಿಕೊಳ್ಳುವ ಹಿರಿಯ ಮಲಯಾಳಿ ಶಟರ್ ಎತ್ತಿ ನಮ್ಮನ್ನು ಒಳಗೆ ಬಿಟ್ಟು, ಹೊರಗೆ ಕುರ್ಚಿಯಲ್ಲಿ ಕೂತರು.

ಒಳಗೆ ತಗಡಿನ ಮಾಡಿನವರೆಗೂ ಪೆಟ್ಟಿಗೆಗಳು. ಅವುಗಳ ನಡುವಿನ ಓಣಿಯಲ್ಲಿ ಹಿಂದಿನ ಗೋಡೆಯವರೆಗೂ ಹೋದೆವು. ನಿಖಿಲ್ ಒಂದು ಪೆಟ್ಟಿಗೆ ಬಿಚ್ಚಿದ. ಕೆಂಪು ಜೆರ್ಸಿ, ಎದೆಯ ಮೇಲೆ ನಮ್ಮ ದೀಪಸ್ತಂಭ. ಪಕ್ಕದ್ದು ಬಿಚ್ಚಿದೆ, ಅದರಲ್ಲೂ ಅದೇ. ಅದರ ಪಕ್ಕದ್ದರಲ್ಲೂ ಅದೇ.

"ಇದೆಲ್ಲ ಯಾವಾಗ ಮಾಡಿಸಿದ್ದು? ನಾನು ಸಹಿಯೇ ಹಾಕ್ಲಿಲ್ಲ."

ನಿಖಿಲ್ ಕುತ್ತಿಗೆ ಕೆರೆದುಕೊಂಡ. "ಪ್ರಿನ್ಸಿಪಾಲ್ ಸರ್ ಫೋನಲ್ಲಿ ಆಯ್ತು ಅಂದ್ರಂತೆ. ಜೂನಿಗೆ ರೆಡಿ ಇರ್ಬೇಕಲ್ವಾ... ಹಮೀದ್ ಸರ್ ಇದಕ್ಕೆ ತುಂಬಾ ಹಾಕ್ಬಿಟ್ಟಿದಾರೆ ಮೇಡಂ. ನೀವು ಸೈನ್ ಮಾಡ್ಲಿಲ್ಲ ಅಂದ್ರೆ ಇದನ್ನ ಯಾರಿಗೆ ಮಾರೋದು?"

ಉತ್ತರ ಹೇಳುವ ಮೊದಲೇ ದೂರದಲ್ಲಿ ಗಡಗಡ ಸದ್ದಾಯಿತು. ಓಣಿಯ ತುದಿಯ ಬೆಳಕು ಮೇಲಿನಿಂದ ಕೆಳಕ್ಕೆ ಇಳಿದು ಹೋಯಿತು. ಆಮೇಲೆ ದೀಪಗಳು ಆರಿದವು, ಫ್ಯಾನುಗಳು ನಿಧಾನವಾಗಿ ನಿಂತವು. ಕೈಕಾಲು ತೊಳೆಯಲು ಹೋಗಿ ಬಂದ ಆ ಹಿರಿಯರು, ಮುಂದೆ ಕಾರು ಕಾಣದ್ದರಿಂದ ನಾವು ಹೋದೆವೆಂದುಕೊಂಡು, ಶಟರ್ ಎಳೆದು ಮೈನ್ ಸ್ವಿಚ್ಚು ಆರಿಸಿ ಜುಮ್ಮಾ ನಮಾಜಿಗೆ ಹೊರಟಿದ್ದರು. ಅದು ನಮಗೆ ಆಮೇಲೆ ಗೊತ್ತಾದದ್ದು.

ಕೂಗಿದೆವು. ಶಟರನ್ನು ಬಡಿದೆವು. ತಗಡು ಮುಟ್ಟಿದರೆ ಸುಡುತ್ತಿತ್ತು. ನನ್ನ ಫೋನು ಬರೀ ಟಾರ್ಚು. ನಮ್ಮ ಊರಿನ ಸೆಖೆ ನನಗೆ ಗೊತ್ತು, ಅದು ಮೈಗೆ ಅಂಟುತ್ತದೆ, ಗಾಳಿ ಬಂದರೆ ಬಿಡುತ್ತದೆ. ಇದು ಅಂಥದ್ದಲ್ಲ. ಉಸಿರೆಳೆದರೆ ಒಳಗೆ ಹೋಗುವುದೂ ಬಿಸಿಯೇ. ಪ್ಲಾಸ್ಟಿಕ್ಕಿನ, ಹೊಸ ಬಟ್ಟೆಯ ವಾಸನೆ ಗಂಟಲಿಗೆ ಹತ್ತಿತು.

"ಬಂದೇ ಬರ್ತಾರೆ ಮೇಡಂ," ಎಂದು ನಿಖಿಲ್ ಹೇಳುತ್ತಲೇ ಇದ್ದ. ಹೇಳುತ್ತಾ ಹೇಳುತ್ತಾ ಕೂತ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ಸ್ವಲ್ಪ ಹೊತ್ತಿಗೆ ಅವನ ಮಾತು ತೊದಲಿತು, ಅಮ್ಮನನ್ನು ಕರೆದ. ಮೈ ಮುಟ್ಟಿದೆ, ಕಾದ ಕಾವಲಿ. ಬೆವರು ನಿಂತಿತ್ತು. ಅದು ಕೆಟ್ಟ ಲಕ್ಷಣ. ಮೈದಾನದಲ್ಲಿ ಹಾಗಾದರೆ ಹುಡುಗರನ್ನು ಎತ್ತಿಕೊಂಡು ಓಡುತ್ತೇವೆ. ಇಲ್ಲಿ ಎಲ್ಲಿಗೆ ಓಡಲಿ?

ಸಿಮೆಂಟಿನ ನೆಲದ ಮೇಲೆ ಮಲಗಿಸಿದೆ, ಅಂಗಿಯ ಗುಂಡಿ ಬಿಚ್ಚಿದೆ. ನನ್ನ ಕೈಚೀಲದ ಬಾಟಲಿಯ ತಳದಲ್ಲಿದ್ದ ನೀರನ್ನು ಒಂದು ಹೊಸ ಜೆರ್ಸಿಗೆ ಸುರಿದು ಕುತ್ತಿಗೆಗೆ ಸುತ್ತಿ, ರಟ್ಟಿನಿಂದ ಗಾಳಿ ಹಾಕಿದೆ. ಬಾಯಿ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳುತ್ತಿತ್ತು, ಅರ್ಧಕ್ಕೆ ಮರೆತುಹೋಗಿ ಮತ್ತೆ ಮೊದಲಿನಿಂದ ಶುರುಮಾಡುತ್ತಿತ್ತು. ಈ ಹುಡುಗ ಇಲ್ಲಿ ಸತ್ತರೆ ಎಂಬ ಯೋಚನೆ ಬಂತು. ನಾನೂ ಸತ್ತರೆ ಎಂಬುದು ಅದರ ಹಿಂದೆಯೇ ಬಂತು.

ಮಾಡಿನ ಹತ್ತಿರ ಒಂದು ಕಡೆ ಮಾತ್ರ ಬೆಳಕಿತ್ತು. ಗೋಡೆಗೆ ಕೂರಿಸಿದ, ಗಾಳಿ ಹೊರಗೆಳೆಯುವ ಫ್ಯಾನಿನ ಕಿಂಡಿ. ಅಲ್ಲಿಗೆ ಹೋಗಬೇಕಾದರೆ ಪೆಟ್ಟಿಗೆಗಳನ್ನು ಹತ್ತಬೇಕು. ಏಣಿ ಹತ್ತಿ ಬಲ್ಬು ಹಾಕಲಾರದವಳು ನಾನು. ಹತ್ತಿದೆ. ಪ್ರತಿ ಪೆಟ್ಟಿಗೆಯೂ ಕಾಲಿನ ಕೆಳಗೆ ಕುಸಿಯುತ್ತಿತ್ತು. ಕೆಳಗೆ ನೋಡಲಿಲ್ಲ.

ಕಿಂಡಿಯಲ್ಲಿ ಮುಖವಿಟ್ಟು ಕೂಗಿದರೆ ಸ್ವರವೇ ಹೊರಡಲಿಲ್ಲ. ಮೇಲಿನ ಪೆಟ್ಟಿಗೆ ಹರಿದು, ಜೆರ್ಸಿಯೊಂದನ್ನು ಮುದ್ದೆ ಮಾಡಿ ರೆಕ್ಕೆಗಳ ನಡುವೆ ತಳ್ಳಿದೆ. ಈಗ ಕರೆಂಟು ಬಂದರೆ ನನ್ನ ಕೈ ಹೋಗುತ್ತದೆ ಎಂದು ಆಗ ಹೊಳೆಯಿತು. ಕೈ ಹಿಂದಕ್ಕೆಳೆದುಕೊಂಡೆ. ಕೆಳಗಿನಿಂದ ನಿಖಿಲ್‌ನ ಸದ್ದೂ ನಿಂತಿತ್ತು. ಮತ್ತೆ ಕೈ ಹಾಕಿದೆ. ಒಂದು, ಇನ್ನೊಂದು, ಮತ್ತೊಂದು. ಪ್ರತಿ ಸಲವೂ ಕಣ್ಣು ಮುಚ್ಚಿ, ಹಲ್ಲು ಕಚ್ಚಿ.

ಹೊರಗಿನಿಂದ ಕೇಳಿದ ಮೊದಲ ಮಾತು, "ಚೋರ್! ಚೋರ್!"

ಕೆಲಸಗಾರರ ಕಟ್ಟಡದಿಂದ ರೊಟ್ಟಿ ತರಲು ಹೊರಟಿದ್ದ ನೇಪಾಳಿಯೊಬ್ಬ, ಕಿಂಡಿಯಿಂದ ಮಾಲು ಹೊರಬೀಳುವುದನ್ನು ಕಂಡು, ಒಳಗೆ ಕಳ್ಳರು ಹೊಕ್ಕಿದ್ದಾರೆಂದು ಜನ ಸೇರಿಸಿದ. ಯಾರೋ ಓಡಿಹೋಗಿ ಮಸೀದಿಯಿಂದ ಆ ಹಿರಿಯರನ್ನು ಕರೆತಂದರು. ಶಟರ್ ಎದ್ದಾಗ ಬೆಳಕಿನಲ್ಲಿ ದೊಣ್ಣೆ, ಕಬ್ಬಿಣದ ಸರಳು ಹಿಡಿದ ಗಂಡಸರ ಸಾಲು. ಅವರು ಕಂಡದ್ದು, ನರೆತ ಜಡೆಯ ಒಬ್ಬ ಹೆಂಗಸು ತರುಣನೊಬ್ಬನ ಕಂಕುಳಿಗೆ ಕೈಹಾಕಿ ಎಳೆದು ತರುತ್ತಿರುವುದು. ದೊಣ್ಣೆಗಳು ಕೆಳಗೆ ಬಿದ್ದವು. ನೇಪಾಳಿಯೇ ಮೊದಲು ಓಡಿಬಂದು ನಿಖಿಲ್‌ನ ಕಾಲು ಹಿಡಿದ. ನೀರು ಬಂತು, ಯಾರದ್ದೋ ಕಾರು ಬಂತು. ಹಿಂದಿನ ಬೀದಿಯಲ್ಲಿ ನಮ್ಮ ದೀಪಸ್ತಂಭಗಳು ಧೂಳಿನಲ್ಲಿ ಹರಡಿಕೊಂಡಿದ್ದವು. ಯಾರೂ ಅವನ್ನು ನೋಡಲಿಲ್ಲ, ನಾನೂ ಮೆಟ್ಟಿಕೊಂಡೇ ನಡೆದೆ.

ಮತ್ತೆ ಹಮದ್ ಟೌನ್

ಆಸ್ಪತ್ರೆಯಲ್ಲಿ ನಿಖಿಲ್ ಚೇತರಿಸಿಕೊಂಡ. ನನಗೂ ಡ್ರಿಪ್ ಹಾಕಿ ಸಂಜೆಗೆ ಕಳಿಸಿದರು. ಮನೆಗೆ ಬಂದ ಹಮೀದಾಕ ಸೋಫಾದ ತುದಿಯಲ್ಲಿ ಕೂತರು. ಅಂಗೈಗಳು ಮಡಿಲಲ್ಲೇ ಇದ್ದವು.

"ಮೇಡಂ, ನನ್ನ ಗೋಡೌನಿನಲ್ಲಿ ಹೀಗೆ ಆಯ್ತು ಅಂತ ಊರಿಗೆ ಗೊತ್ತಾದ್ರೆ ನನ್ನ ಮುಖ ಎಲ್ಲಿ ಇಡುದು?"

"ನಾನು ಯಾರಿಗೂ ಹೇಳುದಿಲ್ಲ," ಎಂದೆ. "ಅದಕ್ಕೂ ಸಹಿಗೂ ಸಂಬಂಧ ಇಲ್ಲ. ಆದ್ರೆ ಆ ಷರತ್ತು ಇದ್ರೆ ನಾನು ಸಹಿ ಹಾಕುದಿಲ್ಲ." ಶಾಹಿದಾ ಬಾಗಿಲಲ್ಲಿ ಟ್ರೇ ಹಿಡಿದು ನಿಂತುಬಿಟ್ಟಳು.

(ಆ ಮಾತನ್ನು ಉಳಿಸಿಕೊಂಡಿದ್ದೆ. ಹೋದ ಸಲ ಊರಿಗೆ ಬಂದಾಗ ಹಮೀದಾಕನೇ ಹಳೆ ವಿದ್ಯಾರ್ಥಿಗಳ ವೇದಿಕೆಯಲ್ಲಿ ನಗುತ್ತಾ ಎಲ್ಲ ಹೇಳಿಬಿಟ್ಟ ಮೇಲೆ ನಾನೂ ಬರೆಯುತ್ತಿದ್ದೇನೆ.)

"ಅಷ್ಟು ಮಾಲು ನೋಡಿದ್ರಲ್ಲ ಮೇಡಂ. ಅದನ್ನು ನಾನು ಸಮುದ್ರಕ್ಕೆ ಹಾಕ್ಬೇಕಾ?"

"ಬೇಕಾದವ್ರಿಗೆ ಮಾರಿ. ನಾನೂ ಒಂದು ತಗೊಳ್ತೇನೆ. ಬೇಡದವ್ರ ಮಕ್ಕಳಿಗೆ ಕಡ್ಡಾಯ ಮಾಡ್ಬೇಡಿ."

"ನಿಮ್ಮ ಕೆಲ್ಸಕ್ಕೆ ತೊಂದ್ರೆ ಆಗ್ತದೆ. ಗೊತ್ತುಂಟಲ್ಲ? ಹೆದರಿಕೆ ಇಲ್ವಾ ನಿಮ್ಗೆ?"

"ಉಂಟು," ಎಂದೆ. "ತುಂಬ ಉಂಟು."

ಅವರು ಚಹಾ ಮುಟ್ಟದೆ ಎದ್ದು ಹೋದರು. ನಾನು ಗೆದ್ದೆ ಎಂದು ನನಗೇನೂ ಅನಿಸಲಿಲ್ಲ. ಪ್ರಾಂಶುಪಾಲರ ಮುಖ, ಬೆನ್ನಿಗೆ ಟೇಪು ಅಂಟಿಸಿಕೊಂಡ ಹುಡುಗಿಯರು, ಒಬ್ಬ ಮನುಷ್ಯನ ಮುಳುಗಿದ ವ್ಯಾಪಾರ, ಮೂರೂ ಕಣ್ಣಿನ ಮುಂದೆ ನಿಂತವು. ಶಾಹಿದಾ ಪಕ್ಕದಲ್ಲಿ ಕೂತು ನನ್ನ ಬೆನ್ನು ಉಜ್ಜಿದಳು. ಒಂದು ಕಾಲಕ್ಕೆ ಸೋತ ದಿನ ಅವಳ ಬೆನ್ನನ್ನು ನಾನು ಉಜ್ಜುತ್ತಿದ್ದೆ.

ಮತ್ತೆ ಮುಹರ್ರಕ್

ಹೊರಡುವ ದಿನ ಅನ್ವರ್ ನನ್ನನ್ನು ವಿಮಾನ ನಿಲ್ದಾಣದಲ್ಲಿ ಇಳಿಸಿದಾಗ ಹಮೀದಾಕ ಬಾಗಿಲಲ್ಲೇ ನಿಂತಿದ್ದರು. ಏನು ಬೈಯುತ್ತಾರೋ, ಪ್ರಾಂಶುಪಾಲರನ್ನು ಫೋನಿನಲ್ಲಿ ಹಿಡಿದೇ ಬಂದಿದ್ದಾರೋ ಎಂದುಕೊಂಡೆ.

"ನಿನ್ನೆ ನಾನು ಗೋಡೌನಿಗೆ ಹೋದೆ ಮೇಡಂ," ಎಂದರು. "ಸ್ಟೋರು ನೋಡುವವರನ್ನು ಹೊರಗೆ ನಿಲ್ಲಿಸಿ, ನಾನು ಒಳಗೆ ಇರ್ತೇನೆ, ಶಟರ್ ಹಾಕಿ ಅಂತ ಹೇಳಿದೆ. ಹೇಗೆ ಆಗ್ತದೆ ನೋಡುವಾ ಅಂತ. ಸ್ವಲ್ಪ ಹೊತ್ತಿನಲ್ಲೇ ನಾನು ಶಟರ್ ಒದ್ದದ್ದು. ಅವ್ರಿಗೆ ಕೀಲಿ ಸಿಗದೆ ಒಂಚೂರು ತಡ ಆಯ್ತು, ಅಷ್ಟಕ್ಕೇ ನಾನು ಅಳ್ಲಿಕ್ಕೆ ಶುರು ಮಾಡಿದ್ದೆ, ಅಲ್ಲಾಹನಾಣೆ." ಗಡ್ಡ ಸವರಿಕೊಂಡರು. "ನೀವು ಅಂಥಲ್ಲಿಂದ ಹೊರಗೆ ಬಂದು, ಅದೇ ದಿನ ಸಂಜೆ, ನನ್ನ ಮುಖ ನೋಡಿ ಆಗುದಿಲ್ಲ ಅಂದ್ರಲ್ಲ. ನಿಮ್ಮ ಹತ್ರ ನಾನು ಹಠ ಮಾಡಿ ಎಂತ ಪ್ರಯೋಜನ?"

ಒಪ್ಪಂದದ ಕೊನೆಯ ಪುಟ ತೆರೆದರು. ಆ ಷರತ್ತಿನ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಅವರ ಸಹಿ. ಎಲ್ಲ ತಂಡಗಳಿಗೂ ಉಚಿತ ಅಂತ ಇದ್ದದ್ದನ್ನು ಹುಡುಗಿಯರ ತಂಡಗಳಿಗೆ ಮಾತ್ರ ಎಂದು ತಿದ್ದಿದ್ದರು. "ಇಷ್ಟು ನನ್ನಿಂದ ಆಗ್ತದೆ. ಹುಡುಗರು ಸ್ವಲ್ಪ ಕಾಯ್ಲಿ."

ಟ್ರಾಲಿಯ ಮೇಲಿನ ನನ್ನ ಚೀಲದ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ. ಕೈ ನಡುಗಿ ಗ್ರೇಸಿ ಎಂಬುದು ಬೇರೇನೋ ಆಗಿ ಕಾಣುತ್ತದೆ. ವಿಮಾನ ಏರಿತು. ಕೆಳಗೆ ನೀರು, ಮುಂದೆ ಜೂನ್.

ಊರು

ಪ್ರಾಂಶುಪಾಲರು ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತು ಓದಿದರು. ಕೊನೆಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಈ ಸಾಲು ಹೊಡೆದದ್ದು ಯಾರು?"

"ಹಮೀದಾಕನೇ ಸರ್. ಸಹಿ ಉಂಟು ನೋಡಿ."

"ಅವ್ರಾಗಿಯೇ? ಯಾಕೆ?"

ಕೊಟ್ಟ ಮಾತು ನೆನಪಿತ್ತು. ಕಿಟಕಿಯ ಹೊರಗೆ ಮೈದಾನದಲ್ಲಿ ಪವಿತ್ರಾ ಒಬ್ಬಳೇ ಗೋಡೆಗೆ ಚೆಂಡು ಹೊಡೆಯುತ್ತಿದ್ದಳು.

"ಅಲ್ಲಿ ತುಂಬ ಸೆಖೆ ಸರ್," ಎಂದೆ.